ಗಡಿಯ ಮೇಲೆ ಹೂಕುಂಡ

ವಂಗೇಚಿ ನನ್ನ ಬೆಂಚಿನ ಮೇಲೆ ಮೊದಲು ಕರವಸ್ತ್ರ ಹಾಸಿದರು, ಆಮೇಲೆ ಅದರ ಮೇಲೆ ಕೂತರು. ನಾನು ಆ ಬೆಂಚನ್ನು ಬೆಳಿಗ್ಗೆಯಷ್ಟೇ ಉಜ್ಜಿ ಒರೆಸಿದ್ದೆ. ಸೈಪ್ರಸ್ ಮರದ ಹಸಿ ವಾಸನೆ ಇನ್ನೂ ಹೋಗಿರಲಿಲ್ಲ. ಆಕೆ ವರನ ಸೋದರತ್ತೆ, ಮದುವೆ ಕಮಿಟಿಯ ಅಧ್ಯಕ್ಷೆ. ನಮ್ಮಲ್ಲಿ ಮದುವೆ ಅಂದರೆ ಮೊದಲು ಕಮಿಟಿ, ಆಮೇಲೆ ಮದುಮಕ್ಕಳು.

"ನ್ಯಾಕಿಯೋನ ಅಮ್ಮ, ಬೇಜಾರು ಮಾಡ್ಕೋಬೇಡಿ," ಅಂದರು. ಬೇಜಾರಾಗುವ ಮಾತು ಬರುತ್ತದೆ ಅಂತ ಗೊತ್ತಾಯಿತು. "ಈ ಬೆಂಚು, ಈ ಕುಂಡ ನೋಡಿದ್ರೆ ಯಾರೂ ಮದುವೆಗೆ ಬಂದ್ವಿ ಅಂದ್ಕೊಳಲ್ಲ. ಸುಟ್ಟ ಮಾಂಸದ ಬಾರಿಗೆ ಬಂದ್ವಿ ಅಂದ್ಕೋತಾರೆ. ಪಾದ್ರಿ ಆಮೆನ್ ಅನ್ನೋಕೆ ಮುಂಚೆ ಯಾರಾದ್ರೂ ಎದ್ದು ಬಿಯರ್ ಕೇಳ್ತಾರೆ."

ಕಮಿಟಿ ನಕ್ಕಿತು. ನಗುವಂಥ ಮಾತೇ. ಲಿಮೂರುವಿನಿಂದ ನೈವಾಶಾದವರೆಗೆ ರಸ್ತೆಬದಿಯ ಬಾರುಗಳಲ್ಲಿ ಕುಡುಕರು ಕೂರುವ ಬೆಂಚು ಬಹಳಷ್ಟು ಹೋಗಿರುವುದು ನನ್ನ ಅಂಗಳದಿಂದಲೇ.

"ಕೇಳಿದ್ರೆ ಚಹಾ ಕೊಡೋಣ," ಅಂದೆ. "ಬಿಸಿ ಇದ್ರೆ ಸುಮ್ನೆ ಕುಡೀತಾರೆ."

"ತಮಾಷೆ ಅಲ್ಲ. ನೈರೋಬಿ ಪಕ್ಕ ರುವಾಕಾದಲ್ಲಿ ಒಂದು ಹಾಲ್ ನೋಡಿದ್ದೀನಿ. ಬಿಳಿ ಪರದೆ, ಕುರ್ಚಿಗೆ ಬಿಳಿ ಬಟ್ಟೆ, ಹಿಂದೆ ರಿಬ್ಬನ್ ಗಂಟು. ಎಲ್ಲಾ ಅವರೇ ಮಾಡ್ತಾರೆ. ನೀವು ಪಾಪ ಕೈಕಾಲು ತೊಳ್ಕೊಂಡು ಬಂದ್ರೆ ಸಾಕು."

ಕೈಕಾಲು ತೊಳೆದುಕೊಂಡು! ನನ್ನ ಉಗುರಿನ ಸಂದಿಯ ಮಣ್ಣನ್ನು ಆಕೆ ನೋಡಿದರು. ನಾನು ಮುಚ್ಚಿಕೊಳ್ಳಲಿಲ್ಲ. ಗಂಡ ತೀರಿಕೊಂಡ ಮೇಲೆ ಈ ಮಣ್ಣೇ ನನಗೂ ಮಗಳಿಗೂ ಅನ್ನ ಹಾಕಿದ್ದು. ಹಾಲಿನ ಪೊಟ್ಟಣದಲ್ಲಿ ಸಸಿ, ಸಿಮೆಂಟಿನ ಕುಂಡ, ಸುಟ್ಟ ಮಣ್ಣಿನ ಕುಂಡ, ಸೈಪ್ರಸ್ ಬೆಂಚು, ಇಷ್ಟೇ ನನ್ನ ವ್ಯಾಪಾರ. ನನ್ನ ಮಗಳು ನ್ಯಾಕಿಯೋ ಕೂರುವುದನ್ನು ಕಲಿತದ್ದು ಒಂದು ಖಾಲಿ ಕುಂಡದೊಳಗೆ. ಸುತ್ತ ಬಟ್ಟೆ ತುರುಕಿ ಕೂರಿಸಿ ನಾನು ಮರಕ್ಕೆ ಉಜ್ಜುಗೊರಡು ಹಾಕುತ್ತಿದ್ದೆ. ಅವಳ ಮದುವೆಗೆ ಜನ ಬಾಡಿಗೆ ಕುರ್ಚಿಯಲ್ಲಿ ಕೂರುವುದೆ? ಅದೂ ರುವಾಕಾದಲ್ಲಿ? ನಮ್ಮ ದಿಣ್ಣೆಯ ಮುದುಕಿಯರು ಮಟಾಟು ವ್ಯಾನು ಹತ್ತಿ ಅಷ್ಟು ದೂರ ಬರುವುದುಂಟೆ?

"ಮದುವೆ ಇಲ್ಲೇ," ಅಂದೆ.

"ಹಠ," ಅಂದರು ವಂಗೇಚಿ.

"ಹಠಾನೇ."

ನ್ಯಾಕಿಯೋ ಚಹಾದ ತಟ್ಟೆ ಹಿಡಿದು ನಿಂತಿದ್ದಳು. "ಅತ್ತೆ, ನಂಗೂ ಇಲ್ಲೇ ಇಷ್ಟ," ಅಂದಳು ಮೆಲ್ಲಗೆ. ಪಕ್ಕದಲ್ಲಿದ್ದ ಗಿಚೂಹಿ, ಅವಳನ್ನು ಮದುವೆಯಾಗುವ ಹುಡುಗ, ತನ್ನ ಬೂಟು ನೋಡಿಕೊಂಡ. ಒಳ್ಳೆಯವನು, ಆದರೆ ಅತ್ತೆಯ ಎದುರು ಅವನ ನಾಲಿಗೆ ರಜೆ ಹಾಕುತ್ತದೆ. ನನ್ನ ಎದುರಂತೂ ಕಣ್ಣೆತ್ತುವುದಿಲ್ಲ. ಹೆಣ್ಣು ಕೊಡುವ ತಾಯಿಯ ಮುಖ ನೋಡಬಾರದು ಅಂತ ಯಾರೋ ಹೇಳಿದ್ದಾರೆ, ಅದನ್ನು ಚಾಚೂ ತಪ್ಪದೆ ಪಾಲಿಸುತ್ತಾನೆ.

ಕೊನೆಗೆ ಹೀಗಾಯಿತು: ಮದುವೆ ಶನಿವಾರ. ಗುರುವಾರ ಕಮಿಟಿ ಬಂದು ನನ್ನ ಅಂಗಳ ನೋಡುತ್ತದೆ. ಒಪ್ಪಿದರೆ ಇಲ್ಲಿ. ಒಪ್ಪದಿದ್ದರೆ ಹಾಲ್.

ಆ ವಾರ ನನ್ನ ಸೊಂಟ ನನ್ನದಾಗಿರಲಿಲ್ಲ. ಹಗಲು ಗಿರಾಕಿಗಳು, ನಡುನಡುವೆ ಬೆಂಚು. ಒರಟು ಬೆಂಚುಗಳಿಗೆಲ್ಲ ಮರಳುಕಾಗದ ಉಜ್ಜಿ ಎಣ್ಣೆ ಕುಡಿಸಿದೆ. ಕುಂಡಗಳ ಪಾಚಿ ಕೆರೆದೆ. ನ್ಯಾಕಿಯೋ ಕುಂಡಕ್ಕೆಲ್ಲ ಬಿಳಿ ಬಣ್ಣ ಬಳಿಯೋಣ ಅಂದಳು. ಮಣ್ಣು ಮಣ್ಣಿನ ಬಣ್ಣದಲ್ಲೇ ಇರಲಿ ಅಂದೆ. ಗಿರಾಕಿಯೊಬ್ಬ ಹೊಸದಾಗಿ ಎಣ್ಣೆ ಹಾಕಿದ ಬೆಂಚು ಬೇಕೇಬೇಕು ಅಂತ ಕೂತುಬಿಟ್ಟ. ಏಳಿಸಿ ಕಳಿಸಿದೆ. ಅವನ ಪ್ಯಾಂಟಿನ ಹಿಂಭಾಗಕ್ಕೆ ಎಣ್ಣೆ ಹತ್ತಿತ್ತು, ನಾನು ಹೇಳಲಿಲ್ಲ.

ಒಂದೇ ಕೊರತೆ. ದೊಡ್ಡ ಕುಂಡಗಳಿಗೆ ಬಿಳಿ ಹೂವಿರಲಿಲ್ಲ. ಮಳೆಗೆ ನನ್ನ ಜೆರೇನಿಯಂ ಎಲ್ಲ ಕೊಳೆತು ಕೂತಿದ್ದವು.

"ಬಿಳಿ ಹೂ ಎಲ್ಲಿಂದ ತರ್ಲಿ?" ಅಂತ ಬುಧವಾರ ಗೊಬ್ಬರ ತರಲು ಹೊರಡುವಾಗ ಗೊಣಗಿದ್ದನ್ನು ಗಿಚೂಹಿ ಕೇಳಿಸಿಕೊಂಡಿದ್ದನಂತೆ.

ನಾನು ವಾಪಸ್ಸು ಬರುವಾಗ ದೂರದಿಂದಲೇ ಕಂಡಿತು. ಅಂಗಳದ ಕುಂಡಗಳಲ್ಲೆಲ್ಲ ಎತ್ತರದ ದಂಟು, ದಂಟಿನ ತುದಿಯಲ್ಲಿ ಬಿಳಿ ಲಿಲ್ಲಿಯ ಗೊಂಚಲು, ಎಸಳಿಗೆ ತೆಳು ಗುಲಾಬಿ ಗೀಟು. ಎಷ್ಟು ಚೆಂದ ಅಂದರೆ ಕ್ಷಣಕಾಲ ನನಗೆ ಏನೂ ಹೊಳೆಯಲಿಲ್ಲ. ಗಿಚೂಹಿ ಮಂಡಿಯವರೆಗೆ ಕೆಸರಾಗಿ ನಿಂತು, ಮೊದಲ ಸಲ ನನ್ನ ಮುಖ ನೋಡಿ ನಗುತ್ತಿದ್ದ.

"ಅಮ್ಮ, ಹೊಲದ ನಡುವೆ ಸುಮ್ನೆ ಬೆಳ್ಕೊಂಡಿತ್ತು. ಗೆಡ್ಡೆ ಸಮೇತ ಎಲ್ಲಾ ಕಿತ್ತೆ. ಜಾಗಾನೂ ಅಗೆದು ಸಮ ಮಾಡಿದ್ದೀನಿ, ಈಗ ಬೆಂಚು ನೆಟ್ಟಗೆ ಕೂರತ್ತೆ."

ಗೊಬ್ಬರದ ಚೀಲ ತಲೆಯಿಂದ ಇಳಿಸಿದೆನೋ ಬಿದ್ದುಹೋಯಿತೋ.

ಅದು ಇತೋಕಾ. ಗಡಿಯ ಗಿಡ. ನನ್ನ ಮಾವ ಮತ್ತು ಪಕ್ಕದ ಮನೆಯ ಮುತೂರಿಯವರ ಅಪ್ಪ ಊರಿನ ಹಿರಿಯರ ಮುಂದೆ ಟಗರು ಕಡಿದು ನೆಟ್ಟ ಸಾಲು. ನಮ್ಮಲ್ಲಿ ಅಣ್ಣತಮ್ಮಂದಿರು ಕತ್ತಿ ಹಿಡಿದು ಕಾದಾಡಿದರೂ ಇತೋಕಾ ಮುಟ್ಟುವುದಿಲ್ಲ. ಆದರೆ ಈ ಹುಡುಗ ನೈರೋಬಿಯ ನಾಲ್ಕನೇ ಮಹಡಿಯಲ್ಲಿ ಬೆಳೆದವನು. ಅವನಿಗೆ ಗಡಿ ಅಂದರೆ ಗೋಡೆ.

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಮುತೂರಿಯವರು ಕೋಲೂರಿಕೊಂಡು ಬರುತ್ತಿದ್ದರು. ಊರಿಗೆಲ್ಲ ಅವರು ಗೂಕಾ, ಅಜ್ಜ. ನಾನು ಬೆಂಚು ತೋರಿಸಿದೆ.

"ಗಡಿ ಕಿತ್ತ ಮನೇಲಿ ನಾನು ಕೂರಲ್ಲ."

"ಗೂಕಾ, ಹುಡುಗನಿಗೆ ಗೊತ್ತಿರ್ಲಿಲ್ಲ."

"ಹಾವಿಗೂ ಗೊತ್ತಿರಲ್ಲ, ಕಚ್ಚಿದ್ರೆ ವಿಷ ಏರಲ್ವಾ?" ಕೋಲಿನಿಂದ ಸಮ ಮಾಡಿದ ನೆಲ ತೋರಿಸಿದರು. "ಈಗ ಹೇಳವ್ವ. ನಿಂದು ಎಲ್ಲಿವರೆಗೆ? ನಂದು ಎಲ್ಲಿಂದ?"

ನಾನು ಒಂದು ಕಡೆ ನಿಂತೆ. ಅವರು ಇನ್ನೊಂದು ಕಡೆ ನಿಂತರು. ನಡುವೆ ಒಂದು ಹಸು ಅಡ್ಡ ಮಲಗುವಷ್ಟು ಜಾಗ. ಇಬ್ಬರೂ ಕದಲಲಿಲ್ಲ.

"ಸಾಲು ಸರಿಯಾಗೋವರೆಗೆ ನನ್ನ ಹುಲ್ಲಿನ ಮೇಲೆ ಒಂದು ಬೆಂಚೂ ಬರಕೂಡದು," ಅಂದರು ಗೂಕಾ. ನನ್ನ ಕಡೆಯ ಜಾಗ ಪಟ್ಟಿಯಂತೆ ಕಿರಿದು. ಅವರ ಹುಲ್ಲು ಇಲ್ಲದಿದ್ದರೆ ಮದುವೆಗೆ ಬಂದವರು ಒಬ್ಬರ ತೊಡೆಯ ಮೇಲೊಬ್ಬರು ಕೂರಬೇಕು.

ಗಿಚೂಹಿ ಕುಂಡದ ಪಕ್ಕದಲ್ಲಿ ಕುಸಿದು ಕೂತಿದ್ದ. ನ್ಯಾಕಿಯೋ ಅವನಿಗೆ ನೀರು ಕೊಟ್ಟು, "ಹೂ ತರೋದಾದ್ರೆ ಅಂಗಡಿಗೆ ಹೋಗೋ ಮಾರಾಯ," ಅಂತ ಹೇಳಿ ತಾನೇ ಅತ್ತಳು.

ಗುರುವಾರ ಕಮಿಟಿ ಬರುವ ಮೊದಲೇ ಸುದ್ದಿ ಬಂದಿತ್ತು. ವಂಗೇಚಿ ಈ ಸಲ ಕರವಸ್ತ್ರ ತೆಗೆಯಲೂ ಇಲ್ಲ, ಕೂರಲೂ ಇಲ್ಲ.

"ಮುಗೀತಲ್ಲ," ಅಂದರು. "ಶಾಪದ ಹೂವು ಕುಂಡದಲ್ಲಿಟ್ಕೊಂಡು ಮದುವೆ ಮಾಡೋಕಾಗಲ್ಲ. ನಾನು ಹಾಲ್‌ನವರಿಗೆ ಫೋನ್ ಮಾಡ್ತೀನಿ."

ಅಷ್ಟು ದಣಿದಿದ್ದೆ, ಸರಿ ಅಂದುಬಿಡಬಹುದಿತ್ತು. ಅಂದಿದ್ದರೆ ಶನಿವಾರ ಕೈಕಾಲು ತೊಳೆದುಕೊಂಡು ಹೋಗಿ ಕೂತು ಬರುತ್ತಿದ್ದೆ. ಆದರೆ ರಾತ್ರಿಯೆಲ್ಲ ಹಾಸಿಗೆಯಲ್ಲಿ ಹೊರಳುವಾಗ ಒಂದು ವಿಷಯ ನನ್ನ ಕೈಗೆ ಸಿಕ್ಕಿತ್ತು.

"ಮಾಡಿ," ಅಂದೆ. "ಅದಕ್ಕೆ ಮುಂಚೆ ಒಂದು ಮಾತು. ನೀವು ಮುರಾಂಗಾದವರು. ನಿಮ್ಮ ಅಪ್ಪ ಹಿರಿಯರ ಸಭೇಲಿ ಕೂರ್ತಿದ್ರು ಅಂತ ನೀವೇ ಹೇಳಿದ್ರಿ. ಗಡಿ ಕಿತ್ತವನು ಏನು ಮಾಡ್ಬೇಕು?"

ವಂಗೇಚಿ ಫೋನಿನಲ್ಲಿ ನಂಬರ್ ಹುಡುಕತೊಡಗಿದರು, ನಾನು ಸಾಲಿನಾಚೆ ನಿಂತಿದ್ದ ಗೂಕಾ ಕಡೆ ತಿರುಗಿದೆ.

"ಗೂಕಾ, ನೀವು ಹೇಳಿ."

ಗೂಕಾ ತಮ್ಮ ಕಡೆಯಲ್ಲಿ ನಿಂತೇ ಹೇಳಿದರು. "ಕಿತ್ತವನ ಮನೆಯೋರು ಟಗರು ತರ್ಬೇಕು. ಕಿತ್ತವನೇ ಮತ್ತೆ ನೆಡ್ಬೇಕು. ಎರಡೂ ಕಡೆ ಜನ ಕೂತು ನೋಡ್ಬೇಕು."

"ಕಿತ್ತವರು ನಮ್ಮನೆಯವರಲ್ಲ," ಅಂದೆ ವಂಗೇಚಿಗೆ. "ಟಗರು ನಿಮ್ದು. ನೆಡೋನು ನಿಮ್ಮ ಹುಡುಗ. ಜನ ಹೇಗೂ ಶನಿವಾರ ಬರ್ತಾರೆ, ನಿಮ್ಮೋರೂ ನಮ್ಮೋರೂ. ಸಾಲಿನ ಆ ಕಡೆ ಈ ಕಡೆ ಬೆಂಚು ಹಾಕ್ತೀನಿ. ಸಾಲಿನುದ್ದಕ್ಕೂ ಕುಂಡ. ಮದುಮಗಳು ಆ ಸಾಲು ಹಿಡಿದೇ ಬರ್ಲಿ. ಇಲ್ಲ, ಹಾಲ್‌ನಲ್ಲೇ ಆಗ್ಬೇಕು ಅಂದ್ರೆ ಆಗ್ಲಿ. ಗಡಿ ಕಿತ್ತು ಓಡಿಹೋದ ಮನೆ ಅಂತ ಮುರಾಂಗಾವರೆಗೂ ಹೆಸರು ಹೋಗತ್ತೆ. ನಾನೇನೂ ಹೇಳಲ್ಲಪ್ಪ. ಗೂಕಾ ಹೇಳ್ತಾರೆ."

"ಹೇಳ್ತೀನಿ," ಅಂದರು ಗೂಕಾ, ತಡಮಾಡದೆ.

ವಂಗೇಚಿ ಫೋನ್ ಕೆಳಗಿಳಿಸಿದರು. "ಹೆದರಿಸ್ತೀರಾ?"

ಆಗ ಗಿಚೂಹಿ ಎದ್ದ. "ಅತ್ತೆ, ಅಗೆದವನು ನಾನು. ಹಾಲ್ ನೆಲದಲ್ಲಿ ಟೈಲ್ಸ್ ಇರತ್ತೆ. ಅಲ್ಲಿ ಎಲ್ಲಿ ನೆಡ್ಲಿ?"

ಕಮಿಟಿಯಲ್ಲಿ ಯಾರೋ ನಕ್ಕರು. ವಂಗೇಚಿ ಅವರನ್ನು ನೋಡಿದರು, ನಗು ನಿಂತಿತು. ಅಂಗಳದ ಉದ್ದಕ್ಕೂ ಒಮ್ಮೆ ನಡೆದು ಹೋದರು, ವಾಪಸ್ಸು ಬಂದರು.

"ಟಗರು ಬಿಳೀದಾಗ್ಬೇಕಾ?" ಅಂತ ಗೂಕಾನ ಕೇಳಿದರು.

"ಒಂದೇ ಬಣ್ಣ ಇದ್ರೆ ಸಾಕು."

ಇಷ್ಟಕ್ಕೇ ಮುಗಿಯಲಿಲ್ಲ. ಕುಂಡದೊಳಗೆ ನೆಟ್ಟರೆ ಗಡಿ ಹೇಗಾಗುತ್ತದೆ, ನಾಳೆ ಎತ್ತಿಕೊಂಡು ಹೋಗಬಹುದಲ್ಲ ಅಂತ ಗೂಕಾ ತಕರಾರು ತೆಗೆದರು. ನ್ಯಾಯವಾದ ತಕರಾರು. ನಾನು ಒಳಗಿನಿಂದ ಉಳಿ ಸುತ್ತಿಗೆ ತಂದೆ. ಸುಟ್ಟ ಮಣ್ಣಿನ ದೊಡ್ಡ ಕುಂಡಗಳನ್ನು, ನನ್ನ ಅಂಗಳದಲ್ಲಿ ಅವಕ್ಕಿಂತ ಒಳ್ಳೆಯವು ಇರಲಿಲ್ಲ, ಬೋರಲು ಹಾಕಿ ಒಂದೊಂದರ ತಳ ಒಡೆದೆ. ಮೊದಲನೆಯದು ನಡುವೆ ಸೀಳಿ ಎರಡಾಯಿತು. ನ್ಯಾಕಿಯೋ "ಅಯ್ಯೋ ಅಮ್ಮ" ಅಂದಳು. ನಾನು ಮುಂದಿನದಕ್ಕೆ ಉಳಿ ಇಟ್ಟೆ. ಗಿಚೂಹಿ ಬಂದು ಕುಂಡ ಅಲುಗದ ಹಾಗೆ ಹಿಡಿದುಕೊಂಡ. ಆಮೇಲೆ ಯಾವುದೂ ಸೀಳಲಿಲ್ಲ.

"ಬೇರು ನೆಲಕ್ಕೆ ಇಳಿಯತ್ತೆ," ಅಂದೆ ಗೂಕಾಗೆ. "ಎತ್ತೋಕೆ ಹೋದ್ರೆ ಕುಂಡ ಬಳೆ ಥರ ಕೈಗೆ ಬರತ್ತೆ, ಗಿಡ ಅಲ್ಲೇ ಇರತ್ತೆ."

"ಸಾಲು ಎಲ್ಲಿ ಅಂತ ಯಾರು ಹೇಳೋರು?"

ಇದನ್ನೂ ನಾನು ಯೋಚಿಸಿದ್ದೆ. ಉಳಿ ಕೆಳಗಿಟ್ಟು ಹೇಳಿದೆ. "ನೀವೇ ಹೇಳಿ. ಆದ್ರೆ ಈಗ ಬೇಡ. ಶನಿವಾರ, ಎಲ್ಲರೂ ಕೂತ ಮೇಲೆ, ಕೋಲಿನಲ್ಲಿ ತೋರಿಸ್ತಾ ಹೋಗಿ."

ಗೂಕಾ ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. "ನಿನ್ನ ಗಂಡ ಇಷ್ಟು ಕಿಲಾಡಿ ಇರ್ಲಿಲ್ಲ," ಅಂದರು.

ಶನಿವಾರ ಬೆಳಿಗ್ಗೆ ಮಂಜು ಕರಗುವ ಮೊದಲೇ ಟಗರಿನ ಕೆಲಸ ಮುಗಿಯಿತು. ಅದರ ಹೊಟ್ಟೆಯಲ್ಲಿ ಅರೆಜೀರ್ಣವಾಗಿದ್ದ ಹಸಿರು ಹುಲ್ಲನ್ನು ಗೂಕಾ ತಾವೇ ನೆಲಕ್ಕೆ ಚೆಲ್ಲಿ ಶಾಪ ತೊಳೆದರು. ಪಾದ್ರಿ ಬರುವಷ್ಟರಲ್ಲಿ ಮಾಂಸ ಒಲೆಯ ಮೇಲಿತ್ತು. ಅವರು ಏನನ್ನೂ ಕೇಳಲಿಲ್ಲ, ಆಲೂಗಡ್ಡೆ ಹಿಸುಕಿದ ಮುಕಿಮೊ ಜೊತೆ ಚೆನ್ನಾಗಿರುತ್ತದೆ ಅಂದರು ಅಷ್ಟೆ. ದಿಣ್ಣೆಯ ಮುದುಕಿಯರೆಲ್ಲ ಬಂದು ಮುಂದಿನ ಬೆಂಚು ಹಿಡಿದಿದ್ದರು. ಬಿಯರ್ ಯಾರೂ ಕೇಳಲಿಲ್ಲ. ಎಲ್ಲರ ಕಣ್ಣು ಬರಿಯ ನೆಲದ ಮೇಲಿತ್ತು.

ಗೂಕಾ ಹಳೆಯ ಕೋಟು ಹಾಕಿಕೊಂಡು ಮುಂದೆ ನಡೆದರು. ಕೋಲೂರಿ "ಇಲ್ಲಿ" ಅನ್ನುವರು. ಗಿಚೂಹಿ ಮದುವೆಯ ಸೂಟಿನಲ್ಲಿ ಮಂಡಿಯೂರುವನು, ಕುಂಡ ಇಡುವನು, ಗೆಡ್ಡೆ ಹೂಳುವನು, ಮಣ್ಣು ಒತ್ತುವನು. ಅವನು ಏಳುವವರೆಗೆ ನ್ಯಾಕಿಯೋ ಬಿಳಿ ಉಡುಪಿನಲ್ಲಿ ಹಿಂದೆ ಕಾಯುವಳು. ಹಾಗೆ ಒಂದೊಂದೇ ಕುಂಡ ದಾಟಿ ನನ್ನ ಮಗಳು ಬರುತ್ತಿದ್ದಳು. ನಾನು ಅವಳ ಮುಖ ನೋಡಬೇಕಿತ್ತು. ಸುಳ್ಳು ಯಾಕೆ, ನಾನು ಕೋಲಿನ ತುದಿ ನೋಡುತ್ತಿದ್ದೆ.

ಕೋಲು ನೆಟ್ಟಗೆ ಬಂತು. ನನ್ನ ನೆನಪಿನ ಸಾಲೂ ಅದೇ. ಕೊನೆಯ ಕುಂಡಕ್ಕೆ ಬಂದಾಗ ಮಾತ್ರ ಒಂದು ಮೊಳ ನನ್ನ ಕಡೆಗೆ ವಾಲಿತು.

"ಗೂಕಾ," ಅಂದೆ. ಅಷ್ಟೇ ಅಂದೆ, ಜೋರಾಗಿಯೂ ಅಲ್ಲ.

ಮುಂದಿನ ಬೆಂಚಿನ ಮುದುಕಿಯರು ಕತ್ತು ಚಾಚಿದರು. ಮುರಾಂಗಾದವರೂ ಚಾಚಿದರು. ಗೂಕಾ ಕೆಮ್ಮಿದರು, ಕೆಮ್ಮಿಗೆ ಸ್ವಲ್ಪ ಹೊತ್ತು ತೆಗೆದುಕೊಂಡರು. ಆಮೇಲೆ ಕೋಲು ಎತ್ತಿ ಒಂದು ಮೊಳ ಆಚೆ ಊರಿದರು.

"ಕಣ್ಣು ಮಂಜು," ಅಂದರು. "ಇಲ್ಲಿ."

ಗಿಚೂಹಿ ಅಲ್ಲಿಯೇ ನೆಟ್ಟ. ಮುದುಕಿಯರು ಸಂತೋಷಕ್ಕೆ ಉಲುಲು ಅಂತ ಕೂಗಿದರು. ಕೂರಲು ಹೋದರೆ ನನಗೇ ಜಾಗವಿಲ್ಲ, ಬೆಂಚುಗಳೆಲ್ಲ ತುಂಬಿದ್ದವು.

ವಂಗೇಚಿ ಆಚೆ ಬದಿಯ ಹುಲ್ಲಿನ ಮೇಲೆ ಹಾಕಿದ್ದ ಬೆಂಚಿನಲ್ಲಿ ಕೂತಿದ್ದರು. ಸರಿದು ಜಾಗ ಮಾಡಿ ನನ್ನ ಕೈ ಹಿಡಿದು ಎಳೆದರು. ಸುತ್ತಮುತ್ತ ನೋಡಿ, ಪಾದ್ರಿಗೆ ಕೇಳಿಸದ ಹಾಗೆ ಕಿವಿಯಲ್ಲಿ ಕೇಳಿದರು:

"ನಾನೀಗ ಯಾರ ಜಾಗದಲ್ಲಿ ಕೂತಿದ್ದೀನಿ?"

"ನೆಲ ಗೂಕಾದು," ಅಂದೆ. "ಬೆಂಚು ನಂದು. ಹಾಯಾಗಿ ಒರಗಿ ಕೂತ್ಕೊಳಿ, ಮುರಿಯಲ್ಲ."