ಎರಡೂ ಟ್ಯಾಂಕ್ ಬಿಚ್ಚಬೇಕು

ನನ್ನ ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ಅಕ್ಕ ಚಿಕ್ಕಂದಿನಿಂದಲೂ ಹೇಳುತ್ತಿದ್ದಳು. ಬೋರ್ಡ್ ಬರೆಯುವವನಿಗೆ ಕೈ ನೆಟ್ಟಗಿದ್ದರೆ ಸಾಕು, ಮೂಗು ಹೇಗಿದ್ದರೇನು ಎಂದು ನಾನು ನಗುತ್ತಿದ್ದೆ. ಈಗ ಆ ತಮಾಷೆ ಮಾಡುವುದಿಲ್ಲ.

ನನಗೆ ಈ ಟ್ಯಾಂಕ್ ಹುಚ್ಚು ಹಿಡಿಸಿದ್ದೇ ಭಾವ, ಅಕ್ಕನ ಗಂಡ. ಗಡಿಯಾರ ರಿಪೇರಿಯವರು. ಭಾನುವಾರ ಬೆಳಿಗ್ಗೆ ಒಂದು ಖಾಲಿ ಗೋದಾಮಿನಲ್ಲಿ ನಾವು ಏಳು ಜನ, ಎಲ್ಲರೂ ತಲೆ ನರೆತವರು, ರಿಮೋಟ್ ಹಿಡಿದು ಮೊಳದುದ್ದದ ಟ್ಯಾಂಕುಗಳಲ್ಲಿ ಯುದ್ಧ ಮಾಡುತ್ತಿದ್ದೆವು. ನೆಲದ ಮೇಲೆ ಮರಳಿನ ದಿಬ್ಬಗಳು, ಒಡೆದ ಇಟ್ಟಿಗೆಯ ಪುಟ್ಟ ಊರು. ಗುಂಡು ಅಂದರೆ ನಿಜವಾದ ಗುಂಡಲ್ಲ. ನಳಿಗೆಯ ತುದಿಯಲ್ಲಿ, ತುಸು ಒಳಗೆ, ಒಂದು ಸಣ್ಣ ಗಾಜು. ಅದರಿಂದ ಕಣ್ಣಿಗೆ ಕಾಣದ ಬೆಳಕು ಹೊರಡುತ್ತದೆ, ಟಿವಿ ರಿಮೋಟಿನ ಜಾತಿಯದ್ದೇ. ಎದುರಿನ ಟ್ಯಾಂಕಿನ ನೆತ್ತಿಯಲ್ಲಿ, ಸ್ಕ್ರೂ ಹಾಕಿದ ಕಪ್ಪು ಪ್ಲಾಸ್ಟಿಕ್ ಮುಚ್ಚಳದೊಳಗೆ, ಅಂಗಿಯ ಗುಂಡಿಯಷ್ಟು ಸೆನ್ಸರ್ ಇರುತ್ತದೆ. ಅದಕ್ಕೆ ಬೆಳಕು ತಗುಲಿದರೆ ಟ್ಯಾಂಕ್ ಒಮ್ಮೆ ನಡುಗುತ್ತದೆ. ಆರು ಏಟು ಬಿದ್ದರೆ ಸತ್ತಂತೆ.

ಆ ವರ್ಷ ಫೈನಲ್‌ಗೆ ಬಂದವರು ಭಾವ ಮತ್ತು ನಾನು. ಹಿಂದಿನ ದಿನ ನನ್ನ ಟ್ಯಾಂಕಿಗೆ ಹೊಸದಾಗಿ ಹಸಿರು ಬಣ್ಣ ಹೊಡೆದಿದ್ದೆ. ಕೈಕಸುಬಿನ ಜಂಬ ನೋಡಿ, ಒಂದು ಗೆರೆ ಅತ್ತಿತ್ತ ಇರಲಿಲ್ಲ.

"ಒಂದ್ಸಲ ಗುಂಡು ಹೊಡೆದು ನೋಡ್ಕೊಳ್ಳೋ, ನಿಧಾನವೇ ಪ್ರಧಾನ" ಎಂದರು ಭಾವ.

"ನಾನೇನು ನಿನ್ನೆ ಮೊನ್ನೆ ಬಂದವನಾ ಭಾವ?" ಎಂದೆ.

ಆಟ ಶುರುವಾಯಿತು. ಇಟ್ಟಿಗೆ ಗೋಡೆಯ ಹಿಂದಿನಿಂದ ನುಗ್ಗಿ, ಒಂದು ಗೇಣು ದೂರದಿಂದ ಭಾವನ ಟ್ಯಾಂಕಿಗೆ ಎಂಟು ಸಲ ಹೊಡೆದೆ. ಅದು ಅಲುಗಾಡಲಿಲ್ಲ. ತನ್ನ ಪಾಡಿಗೆ ತಿರುಗಿ ನಿಂತು, ಆರು ಏಟು ಕೊಟ್ಟು ನನ್ನದನ್ನು ಮಲಗಿಸಿತು.

"ಸೆನ್ಸರ್‌ಗೆ ಏನೋ ಬಳಿದಿದ್ದೀರಿ! ಇದು ಕಳ್ಳಾಟ!" ಎಂದು ಎಲ್ಲರೆದುರು ಕೂಗಿದೆ.

ಅಪ್ಪ ಹೋದ ಮೇಲೆ ನನಗೆ ಅಪ್ಪನಂತೆ ಇದ್ದವರು ಅವರು. ಆ ಮನುಷ್ಯನಿಗೆ ಹೀಗೆ ಅಂದೆ.

ಭಾವ ತಮ್ಮ ಟ್ಯಾಂಕನ್ನು ಮೇಜಿನ ಮೇಲೆ ತಂದಿಟ್ಟರು. ನಮ್ಮಲ್ಲಿ ಒಂದು ನಿಯಮ ಇತ್ತು. ಯಾರಾದರೂ ಮೋಸ ಅಂದರೆ ಇಬ್ಬರ ಟ್ಯಾಂಕನ್ನೂ ಎಲ್ಲರ ಮುಂದೆ ಬಿಚ್ಚಬೇಕು. ಒಬ್ಬರದ್ದೇ ಬಿಚ್ಚುವಂತಿಲ್ಲ.

"ನಿಂದೂ ತಾರಪ್ಪ" ಎಂದರು ಬೇಕರಿಯವರು. ನಮ್ಮ ಅಂಪೈರ್ ಅವರೇ.

"ನಂದ್ಯಾಕೆ ಬಿಚ್ಚಲಿ? ಬಣ್ಣ ಇನ್ನೂ ಹಸಿ ಇದೆ, ಗೀರು ಬೀಳುತ್ತೆ. ಸಾಯದೇ ಇದ್ದದ್ದು ಅವರ ಟ್ಯಾಂಕು!"

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ಭಾವ ಮಾತ್ರ ನಗಲಿಲ್ಲ. ನಾನು ಟ್ಯಾಂಕನ್ನು ಚೀಲಕ್ಕೆ ತುರುಕಿ ಹೊರಟುಬಿಟ್ಟೆ. ಮನೆಗೆ ಬಂದು ಅದನ್ನು ಅಟ್ಟಕ್ಕೆ ಹಾಕಿದೆ. ಮತ್ತೆ ಗೋದಾಮಿಗೂ ಹೋಗಲಿಲ್ಲ, ಅಕ್ಕನ ಮನೆಗೂ ಹೋಗಲಿಲ್ಲ. ಅಕ್ಕ ಫೋನ್ ಮಾಡಿ, "ಆಟದ ಸಾಮಾನಿಗೆ ಸಂಬಂಧ ಕಡ್ಕೊಳ್ತೀಯೇನೋ?" ಎಂದು ಅತ್ತಳು. "ಮೊದಲು ಅವರು ಒಪ್ಕೊಳ್ಳಲಿ" ಎಂದೆ. ಒಂದು ವರ್ಷ ಅದೇ ಮಾತು ಹಿಡಿದು ಕೂತೆ.

ಒಂದು ಮಂಗಳವಾರ ಭಾವ ಅಂಗಡಿಯಲ್ಲೇ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡವರು ಹಾಗೇ ಮೇಜಿನ ಮೇಲೆ ಒರಗಿದರು. ಹೃದಯ ನಿಂತಿತ್ತು. ನಾನು ಹೋಗಿ ಹೆಣಕ್ಕೆ ಹೆಗಲು ಕೊಟ್ಟೆ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ?

ತಿಂಗಳಾದ ಮೇಲೆ ಅಕ್ಕ ಅವರ ಸಾಮಾನು ಎತ್ತಿಡಲು ಕರೆದಳು. ಕಪಾಟಿನ ಮಧ್ಯದಲ್ಲಿ ಅವರ ಟ್ಯಾಂಕಿತ್ತು. ಬ್ಯಾಟರಿ ತೆಗೆದು ಪಕ್ಕಕ್ಕಿಟ್ಟಿದ್ದರು. ನೆತ್ತಿಯ ನಾಲ್ಕು ಸ್ಕ್ರೂಗಳ ಮೇಲೂ ಅಡ್ಡಡ್ಡಲಾಗಿ ಚೀಟಿ ಅಂಟಿಸಿತ್ತು. ಪ್ರತಿಯೊಂದರ ಮೇಲೂ ಆ ಫೈನಲ್ ದಿನದ ತಾರೀಖು, ಎರಡು ಸಹಿ. ಒಂದು ಭಾವನದ್ದು, ಇನ್ನೊಂದು ಬೇಕರಿಯವರದ್ದು.

"ಅವತ್ತೇ ಅಂಟಿಸಿದ್ರು. ಆಮೇಲೆ ಸರಿ ಮಾಡ್ಕೊಂಡ್ರು ಅಂತ ನೀನು ಅನ್ನಬಾರದಲ್ಲ" ಎಂದಳು ಅಕ್ಕ. "ಪ್ರತಿ ಭಾನುವಾರ ಧೂಳು ಒರೆಸೋರು, ಚೀಟಿ ಹರೀದ ಹಾಗೆ. ಬರ್ತಾನೆ ಬಿಡು, ಇಬ್ಬರೂ ಸೇರಿ ಬಿಚ್ತೀವಿ ಅನ್ನೋರು."

ಮುಂದಿನ ಭಾನುವಾರ ಎರಡೂ ಟ್ಯಾಂಕ್ ತೆಗೆದುಕೊಂಡು ಗೋದಾಮಿಗೆ ಹೋದೆ. ಅಕ್ಕನೂ ಬಂದಳು. ಅವತ್ತು ಇದ್ದವರೆಲ್ಲ ಇದ್ದರು, ಒಬ್ಬರನ್ನು ಬಿಟ್ಟು.

ಬೇಕರಿಯವರು ತಮ್ಮ ಸಹಿ ನೋಡಿ, ಚೀಟಿ ಕತ್ತರಿಸಿ, ಭಾವನ ಟ್ಯಾಂಕ್ ಬಿಚ್ಚಿದರು. ಸೆನ್ಸರ್ ಹೊಸ ಕನ್ನಡಕದಷ್ಟು ಶುಭ್ರವಾಗಿತ್ತು. ನನ್ನದನ್ನು ನಾನೇ ಬಿಚ್ಚಿದೆ. ನಳಿಗೆ ಕಳಚಿ ಬೆಳಕಿಗೆ ಹಿಡಿದೆ. ತುದಿಯ ಗಾಜಿನ ಮೇಲೆ ಹಸಿರು ಬಣ್ಣ ಕೆನೆ ಕಟ್ಟಿತ್ತು. ನನ್ನ ಬಣ್ಣ. ಬಳಿಯುವಾಗ ನಳಿಗೆಯ ಬಾಯಿಗೆ ಕಾಗದ ತುರುಕಿರಲಿಲ್ಲ. ಅವತ್ತು ನನ್ನ ನಳಿಗೆಯಿಂದ ಒಂದು ಗುಂಡೂ ಹೊರಟಿರಲಿಲ್ಲ.

ಹತ್ತಿಗೆ ಥಿನ್ನರ್ ಅದ್ದಿ ಒರೆಸಿದೆ. ಮತ್ತೆ ಜೋಡಿಸಿ ಬ್ಯಾಟರಿ ಹಾಕಿದೆವು. "ಹೊಡಿ" ಎಂದರು ಬೇಕರಿಯವರು. ಹೊಡೆದೆ. ಭಾವನ ಟ್ಯಾಂಕ್ ನಡುಗಿತು. ಇನ್ನೊಂದು ಏಟು ಹೊಡೆಯಲು ನನ್ನ ಬೆರಳು ಏಳಲಿಲ್ಲ.

"ಭಾವ ಮೋಸ ಮಾಡಿರಲಿಲ್ಲ. ತಪ್ಪು ನಂದು" ಎಂದೆ. ಎಲ್ಲರಿಗೂ ಕೇಳುವಂತೆ, ಅವತ್ತು ಕೂಗಿದಷ್ಟೇ ಜೋರಾಗಿ ಹೇಳಬೇಕೆಂದಿದ್ದೆ. ಹೊರಬಿದ್ದದ್ದು ಪಿಸುಮಾತು.

ಅಕ್ಕ ನನ್ನ ಕೈಯಲ್ಲಿದ್ದ ಹಸಿರು ಹತ್ತಿಯನ್ನು ನೋಡಿದಳು. ಮೇಜಿನ ಮೇಲಿದ್ದ ಚೀಟಿಯ ಚೂರುಗಳನ್ನು ನೋಡಿದಳು.

"ಇಷ್ಟೇನಾ?"

"ಇಷ್ಟೇ ಅಕ್ಕಾ."

"ಹತ್ತು ನಿಮಿಷದ ಕೆಲಸಾನೂ ಅಲ್ಲ" ಎಂದಳು. "ಇಷ್ಟಕ್ಕೆ ಅವರು ಒಂದು ವರ್ಷ ಬಾಗಿಲು ನೋಡ್ಕೊಂಡು ಕೂತಿದ್ರಲ್ಲೋ."