ಒಂದೇ ಅಳತೆಯ ಚುಕ್ಕಿಗಳು

ಬಿಸಿಲೇರಿ ತಗಡಿನ ಸೂರು ಚಟಚಟ ಅನ್ನುತ್ತಿತ್ತು. ಹೊಲಗಳಲ್ಲಿ ತೆನೆ ಬಲಿತು ಕೊಯ್ಲು ಹತ್ತಿರವಾಗಿತ್ತು. ಅಕ್ಕನ ವರ್ಕ್‌ಶಾಪಿನಲ್ಲಿ ಟ್ರೇಲರ್ ಕೊಕ್ಕೆಗಳ ಬೆಸುಗೆ ಬೆಳಗಿನಿಂದ ನಡೆದೇ ಇತ್ತು. ಹೋದ ಕೊಯ್ಲಿನಲ್ಲಿ ಅವಳದೇ ಒಂದು ಕೊಕ್ಕೆ ಇಳಿಜಾರಿನಲ್ಲಿ ಬಾಯಿ ಬಿಟ್ಟು, ತುಂಬಿದ ಟ್ರೇಲರು ಹಳ್ಳಕ್ಕೆ ಉರುಳಿತ್ತು. ಯಾರಿಗೂ ಗಾಯವಾಗಲಿಲ್ಲ, ಅಕ್ಕನ ಮರ್ಯಾದೆಯಷ್ಟೇ ಹೋಯಿತು. ಈ ಸಲವೂ ಹಾಗಾದರೆ ಶಟರು ಎಳೆಯುವುದೇ ಗತಿ.

ಅದಕ್ಕೇ ತಂಗಿ ಹೊಸ ಕೊಕ್ಕೆಯೊಂದು ಎಷ್ಟು ಎಳೆತ ತಡೆಯುತ್ತದೆಂದು ನೋಡಲು, ಅದನ್ನು ಪ್ರೆಸ್ಸಿಗೆ ಸಿಕ್ಕಿಸಿಕೊಂಡು ಕೂತಿದ್ದಳು. ಎಳೆಯುವ ಮುಂಚೆ ಒಂದು ಫೋಟೊ, ಎಳೆಯುತ್ತ ಹತ್ತಾರು. ಕೊಕ್ಕೆಗೆ ಬಿಳಿ ಬಳಿದು ಕರಿ ಚುಕ್ಕಿ ಇಟ್ಟರೆ, ಯಾವ ಚುಕ್ಕಿ ಎಷ್ಟು ಸರಿಯಿತೆಂದು ಫೋಟೊಗಳಲ್ಲಿ ಹುಡುಕಿ, ಕಬ್ಬಿಣ ಎಲ್ಲಿ ಹಿಗ್ಗುತ್ತಿದೆಯೆಂದು ಕೆಂಪು ಬಣ್ಣದಲ್ಲಿ ತೋರಿಸುವ ಸಾಫ್ಟ್‌ವೇರ್ ಅವಳ ಲ್ಯಾಪ್‌ಟಾಪಿನಲ್ಲಿತ್ತು. ಎಲ್ಲೋ ಇರುವ ಯಾರೋ ಬರೆದು, ಕೋಡ್ ಸಮೇತ ಲೋಕಕ್ಕೇ ಬಿಟ್ಟುಕೊಟ್ಟದ್ದು.

"ಬಿಟ್ಟಿ ಕೊಟ್ಟಿದಾನೆ ಅಂದ್ರೆ ಅವನ ತಲೆ ಕೆಟ್ಟಿರ್ಬೇಕು, ಇಲ್ಲಾ ಸಾಫ್ಟ್‌ವೇರ್ ಕೆಟ್ಟಿರ್ಬೇಕು," ಅಂದಳು ಅಕ್ಕ.

ಚುಕ್ಕಿ ಇಡುವ ಕೆಲಸ ಸೋದರಮಾವನ ಪಾಲಿಗೆ ಬಂತು. ಆಯಸ್ಸೆಲ್ಲ ಅಂಗಡಿ ಬೋರ್ಡು, ಲಾರಿ ನಂಬರು ಬರೆದ ಕೈ. ಸ್ಕೇಲು ಹಿಡಿದು, ಉಸಿರು ಕಟ್ಟಿ, ಒಂದೇ ಗಾತ್ರದ ಚುಕ್ಕಿಗಳನ್ನು ಒಂದೇ ಅಂತರದಲ್ಲಿಟ್ಟ. ಕವಾಯತಿಗೆ ನಿಂತ ಇರುವೆಗಳ ಹಾಗಿದ್ದವು.

ತಂಗಿ ಪ್ರೆಸ್ಸಿನಲ್ಲಿ ಕೊಕ್ಕೆಯನ್ನು ಎಳೆದಳು. ಪರದೆಯ ಮೇಲೆ ಕೊಕ್ಕೆ ಒಂದು ಕಡೆ ಗೇಣುದ್ದ ಹಿಗ್ಗಿ, ಪಕ್ಕದಲ್ಲೇ ಗೇಣುದ್ದ ಕುಗ್ಗಿತು.

"ಕೊಕ್ಕೆಗೆ ಹೊಟ್ಟೆನೋವೇನೇ?" ಅಕ್ಕ ಬಿದ್ದು ಬಿದ್ದು ನಕ್ಕಳು.

ಮೈ ಉರಿದ ತಂಗಿ ಸಾಫ್ಟ್‌ವೇರ್ ಬರೆದವನಿಗೇ ಸಂದೇಶ ಹಾಕಿದಳು: ನಿನ್ನದಕ್ಕಿಂತ ನಮ್ಮ ಎಮ್ಮೆಯ ಕಣ್ಣು ವಾಸಿ.

ಕೋಪವಿಲ್ಲದ ಉತ್ತರ ಬಂತು: "ಫೋಟೊ ಕಳಿಸಿ." ಕಳಿಸಿದಳು. ಊಟ ಮುಗಿಯುವಷ್ಟರಲ್ಲಿ ಇನ್ನೊಂದು: "ಇಷ್ಟು ಚೆಂದದ ಚುಕ್ಕಿ ನಾನು ಕಂಡಿಲ್ಲ. ತೊಂದರೆಯೂ ಅದೇ. ಎಲ್ಲ ಒಂದೇ ಥರ ಇರೋದರಿಂದ ಗುರುತು ತಪ್ಪಿ, ಒಂದರ ಬದಲು ಪಕ್ಕದ್ದನ್ನು ಹಿಡಿಯುತ್ತಿದೆ. ಯದ್ವಾತದ್ವಾ ಎರಚಿ."

"ಯದ್ವಾತದ್ವಾನಾ? ನನ್ನ ಕೈಲಾ?" ಮಾವನ ಮುಖ ಸಪ್ಪಗಾಯಿತು. ಹಾಗಂತ ಬ್ರಷ್ಷನ್ನು ಬೇರೆಯವರಿಗೆ ಮುಟ್ಟಗೊಡುವವನೂ ಅಲ್ಲ. ಹಳೆಯದರ ಮೇಲೆ ಬಿಳಿ ಬಳಿದು, ಒಣಗಿಸಿ, ನಾಲ್ಕು ಹನಿ ಸಿಡಿಸಿದ. ಸಾಲು ತಪ್ಪಿದ್ದನ್ನು ಬಟ್ಟೆಯಿಂದ ಒರೆಸಿಬಿಟ್ಟ.

ತಂಗಿಯ ತಾಳ್ಮೆ ಮುಗಿಯಿತು. "ಹೋಗ್ಲಿ ಬಿಡು ಮಾವ. ಆಸ್ಪತ್ರೆ ಬೋರ್ಡೂ ಸೊಟ್ಟ ಬರೆದಿದ್ಯಂತೆ."

"ಯಾವಳೇ ಹೇಳಿದ್ದು!" ಮಾವ ಬ್ರಷ್ಷು ಝಾಡಿಸಿದ. ಕೊಕ್ಕೆ, ಗೋಡೆ, ಅಕ್ಕನ ಕೆನ್ನೆ, ಎಲ್ಲದರ ಮೇಲೂ ಕರಿಮಳೆ.

"ಬಸ್‌ಸ್ಟ್ಯಾಂಡಿಂದೂ ಸೊಟ್ಟಾನೇ!" ಉಪಾಯ ಹೊಳೆದ ತಂಗಿ ಬಿಡಲಿಲ್ಲ.

ಇನ್ನೊಂದು ಮಳೆ.

ಈ ಸಲ ಪರದೆ ಲಾಗ ಹಾಕಲಿಲ್ಲ. ಪ್ರೆಸ್ಸು ಎಳೆದಂತೆ ಬಾಗಿನ ಒಳಮೈಯಲ್ಲಿ, ಬೆಸುಗೆಯ ಪಕ್ಕ, ಕೆಂಪು ಮೂಡಿ ದಪ್ಪವಾಗುತ್ತ ಹೋಯಿತು. ಅಕ್ಕ ನಗು ನಿಲ್ಲಿಸಿ ಕೆನ್ನೆ ಒರೆಸಿಕೊಂಡಳು.

"ಹೋದ ವರ್ಷ ಬಾಯಿ ಬಿಟ್ಟಿದ್ದೂ ಅಲ್ಲೇ," ಅಂದಳು. ಮೂಲೆಯಲ್ಲಿ ಒಟ್ಟಿದ ಸಿದ್ಧ ಕೊಕ್ಕೆಗಳನ್ನು ನೋಡಿ ನಿಟ್ಟುಸಿರಿಟ್ಟಳು. "ಇವೆಲ್ಲ ಗುಜರಿಗೆ. ದಪ್ಪ ಸರಳಲ್ಲಿ ಮೊದಲಿಂದ ಮಾಡೋಣ. ಆ ತಲೆಕೆಟ್ಟೋನಿಗೆ ಏನು ಕೊಡ್ಬೇಕಂತೆ?"

"ಏನೂ ಬೇಡ್ವಂತೆ. ಮಾವನ ಮೊದಲ್ನೇ ಚುಕ್ಕಿಗಳ ಫೋಟೊನ 'ಹೀಗೆ ಮಾಡಬೇಡಿ' ಅಂತ ಎಲ್ರಿಗೂ ತೋರಿಸ್ಬಹುದಾ ಅಂತ ಕೇಳ್ತಿದಾನೆ."

ಇಬ್ಬರೂ ಮಾವನ ಕಡೆ ನೋಡಿದರು. ಅವನು ಗೋಡೆ ನೋಡುತ್ತ ಕೇಳಿದ: "ಕೆಳಗೆ ನನ್ನ ಹೆಸರು ಹಾಕ್ತಾರಾ?"

"ಹಾಕಿಸ್ತೀನಿ."

"ಹಾಗಾದ್ರೆ ತೋರಿಸ್ಲಿ."

ತಂಗಿ ಒಪ್ಪಿಗೆ ಬರೆದು, ಬೈದದ್ದಕ್ಕೆ ತಪ್ಪಾಯಿತೆಂದೂ ಸೇರಿಸಿ ಕಳಿಸಿದಳು. ಮಾವನಿಗೆ ಹೇಳಬೇಕಾದ ತಪ್ಪಾಯಿತನ್ನು ಮಾತ್ರ ಬಾಕಿ ಇಟ್ಟುಕೊಂಡಳು. ದಪ್ಪ ಸರಳಿನ ಕೊಕ್ಕೆಗೆ ಇನ್ನೂ ಅವನ ಕೈಲೇ ಚುಕ್ಕಿ ಎರಚಿಸಬೇಕಿತ್ತು.