ಆರು ಗಂಟೆಯ ಗುರುತು

ಶವ ಒಯ್ಯುವ ಗಾಡಿಯ ಹಿಂಬಾಗಿಲು ತೆರೆಯುವಷ್ಟರಲ್ಲಿ ಅವಳು ಹೊಸ್ತಿಲಿಗೆ ಅಡ್ಡವಾಗಿ ನಿಂತಳು.

“ಇನ್ನೊಂದು ಗಳಿಗೆ ತಡೀರಿ. ಡಾಕ್ಟರಮ್ಮ ಬರ್ಲಿ.”

“ಅತ್ತಿಗೆ, ನಿಮ್ಮ ಒಂದು ಗಳಿಗೆ ಮುಗಿದು ಒಂದು ಗಂಟೆ ಆಯ್ತು,” ಎಂದ ಮೈದುನ. “ಅಣ್ಣ ಒಂದು ದಿನವೂ ತಡ ಮಾಡಿದವನಲ್ಲ. ಇವತ್ತು ನೀವು ಮಾಡಿಸ್ತಿದ್ದೀರಿ.”

“ಅದಕ್ಕೇ ಹೇಳ್ತಿರೋದು. ಇವತ್ತೊಂದು ದಿನ ತಡವಾದ್ರೆ ಇವರ ಸಂಬಳ ಯಾರೂ ಹಿಡಿಯಲ್ಲ.”

ಗೋಡೆಗೆ ಒರಗಿದ್ದ ನೆರೆಯವರು ನಕ್ಕರು. ನಕ್ಕ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದರು.

ಒಳಗೆ ಮಲಗಿದ್ದ ಅವಳ ಗಂಡನನ್ನು ಬೀದಿಯೆಲ್ಲ ಇಲಿಯಣ್ಣ ಎಂದೇ ಕರೆಯುತ್ತಿತ್ತು. ಮೂವತ್ತೊಂದು ವರ್ಷ ಡಾಕ್ಟರಮ್ಮನ ಪ್ರಯೋಗಾಲಯದ ಇಲಿಮನೆಯನ್ನು ನೋಡಿಕೊಂಡವನು. ಬೋನು ತೊಳೆದು, ಮರದ ಹೊಟ್ಟು ಹಾಸಿ, ನೀರಿನ ಬಾಟಲಿ ತುಂಬಿ, ಸಂಜೆ ಆರಕ್ಕೆ ಸರಿಯಾಗಿ ದೀಪ ಆರಿಸುತ್ತಿದ್ದ. ಬಾಗಿಲ ಸಂದಿಯಿಂದ ಬೆಳಕು ನುಸುಳಬಾರದೆಂದು ಅವಳೇ ಹಳೆಯ ಕಂಬಳಿ ಕತ್ತರಿಸಿ, ಮರಳು ತುಂಬಿ, ಒಂದು ಸುರುಳಿ ಹೊಲಿದುಕೊಟ್ಟಿದ್ದಳು. ಅದನ್ನು ಸಂದಿಗೆ ಒತ್ತಿ, ಪುಸ್ತಕದಲ್ಲಿ ಗುರುತು ಹಾಕಿದರೆ ಅಂದಿನ ಕೆಲಸ ಮುಗಿಯಿತು. ನಿವೃತ್ತಿಯ ದಿನ ಆ ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದ. ಆಮೇಲೂ ಕೈ ಸುಮ್ಮನಿರದೆ ಗೋಡೆಯ ಕ್ಯಾಲೆಂಡರಿನಲ್ಲಿ ದಿನವೂ ಆರಕ್ಕೊಂದು ಗುರುತು ಹಾಕುತ್ತಿದ್ದ. ಅದೇಕೆ ಎಂದು ಅವಳು ಎಂದೂ ಕೇಳಿರಲಿಲ್ಲ.

*

ಹೋದ ವಾರ ಆಸ್ಪತ್ರೆಯ ಹಾಸಿಗೆಯ ಮೇಲೆ ಬೆಳಗಿನ ಬಿಸಿಲು ಬಿದ್ದಿತ್ತು.

“ಮಗಳು ಹುಟ್ಟಿದ ದಿನ ನಾನು ದೀಪ ಆರಿಸಲಿಲ್ಲ ಕಣೇ,” ಎಂದ ಅವನು.

“ಯಾವ ದೀಪ?”

“ಇಲಿಮನೇದು. ನಿನಗೆ ನೋವು ಶುರುವಾಗಿದೆ ಅಂತ ಫೋನು ಬಂತು, ಎದ್ದುಬಿದ್ದು ಓಡಿಬಂದೆ. ರಾತ್ರಿಯೆಲ್ಲ ಉರೀತಿತ್ತು. ಬೆಳಗ್ಗೆ ಹೋಗಿ, ಹಿಂದಿನ ಸಂಜೆ ಆರಕ್ಕೇ ಆರಿಸಿದೆ ಅಂತ ಗುರುತು ಹಾಕ್ಬಿಟ್ಟೆ.”

“ಒಂದು ರಾತ್ರಿ ದೀಪ ಉರಿದ್ರೆ ಏನು ಮುಳುಗಿಹೋಯ್ತು?”

ಡಾಕ್ಟರಮ್ಮ ತನಗೆ ಕಲಿಸಿದ್ದನ್ನು ಅವನು ತಡೆದು ತಡೆದು ಹೇಳಿದ. ಕತ್ತಲಾದಾಗ ತಲೆಯೊಳಗಿನ ಕಾಳಿನಷ್ಟು ಗ್ರಂಥಿಯಿಂದ ಮೆಲಟೋನಿನ್ ಎಂಬ ರಸ ಹೊರಡುತ್ತದೆ. ಅದು ನಿದ್ದೆಗೆ ಮಾತ್ರವಲ್ಲ. ವಿಷವನ್ನು ಅರಗಿಸಿ ದಣಿದ ಯಕೃತ್ತಿನೊಳಗೆ ಕಬ್ಬಿಣಕ್ಕೆ ತುಕ್ಕು ಹಿಡಿದಂಥ ಕೇಡು ಹುಟ್ಟುತ್ತದೆ. ಆ ತುಕ್ಕು ಹರಡದ ಹಾಗೆ ಈ ರಸ ಕಾಯುತ್ತದೆ. ದೀಪ ಉರಿದರೆ ರಸ ಬತ್ತುತ್ತದೆ.

“ಅವತ್ತೇ ಇಲಿಗಳಿಗೆ ಯಕೃತ್ತು ಕೆಡಿಸೋ ಮದ್ದು ಕೊಟ್ಟಿದ್ರು, ಕತ್ತಲೆ ಎಷ್ಟು ಕಾಪಾಡುತ್ತೆ ಅಂತ ನೋಡೋಕೆ. ದೇವರು ಹಗಲನ್ನ ದುಡಿಯೋಕೆ ಕೊಟ್ಟ, ಕತ್ತಲೆಯನ್ನ ರಿಪೇರಿಗೆ ಕೊಟ್ಟ. ನಾನು ಅದಕ್ಕೆ ಅಡ್ಡ ಬಂದೆ, ಮೇಲೆ ಸುಳ್ಳು ಬರೆದೆ. ಆಯಮ್ಮನ ಕೆಲಸವೆಲ್ಲ ಆ ಸುಳ್ಳಿನ ಮೇಲೆ ನಿಂತಿದೆಯೋ ಏನೋ. ಹೇಳೋಕೆ ಬಾಯೇ ಬರಲಿಲ್ಲ. ನೀನು ಹೇಳು. ನನ್ನನ್ನ ಮನೆಯಿಂದ ಎತ್ತೋ ಮುಂಚೆ ಹೇಳು.”

“ಹೇಳ್ತೀನಿ. ಈಗ ಮಲಗಿ.”

*

ಡಾಕ್ಟರಮ್ಮ ಕೋಲೂರಿಕೊಂಡು ಬಂದರು. ಅವನ ಕಾಲ ಬಳಿ ತಲೆ ತಗ್ಗಿಸಿ ಕೈಮುಗಿದರು. ಅವಳು ಅವನ ತಲೆಯ ಬಳಿ ನಿಂತು, ಅವನಿಗೂ ಕೇಳಿಸಲಿ ಎಂಬಂತೆ, ಒಂದೂ ಬಿಡದೆ ಎಲ್ಲವನ್ನೂ ಹೇಳಿದಳು.

“ಗೊತ್ತು,” ಎಂದರು ಡಾಕ್ಟರಮ್ಮ.

“ಗೊತ್ತಾ?”

“ಪುಸ್ತಕ ಕತ್ತಲೆ ಇತ್ತು ಅಂತಿತ್ತು. ಇಲಿಗಳ ಯಕೃತ್ತು ನೋಡಿದ್ರೆ ಬೆಳಕಿತ್ತು ಅಂತಿತ್ತು. ನಾನು ಯಕೃತ್ತನ್ನ ನಂಬಿದೆ. ಅವತ್ತಿನದನ್ನೆಲ್ಲ ಬದಿಗಿಟ್ಟು ಮೊದಲಿಂದ ಮಾಡಿದೆ. ಅವರ ಸುಳ್ಳಿನ ಮೇಲೆ ಏನೂ ನಿಂತಿಲ್ಲ, ತಾಯಿ.”

“ಮತ್ತೆ ಇವರನ್ನ ಒಂದು ಮಾತು ಕೇಳಲಿಲ್ವಲ್ಲ?”

“ಕೇಳೋಣ ಅಂತಲೇ ಹೋದೆ. ಒಂದೊಂದು ಬೋನಿನ ಮುಂದೂ ನಿಂತು, ಮಗಳು ಹುಟ್ಟಿದಳು ಅಂತ ಇಲಿಗಳಿಗೆ ಸುದ್ದಿ ಹೇಳ್ತಿದ್ರು. ನನಗೂ ಬಾಯಿ ಬರಲಿಲ್ಲ.”

“ಸರಿಹೋಯ್ತು,” ಎಂದ ಮೈದುನ. “ಇಬ್ಬರೂ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಿ.”

“ಹಾಗಾದ್ರೆ ತಪ್ಪು ನಂದೇ,” ಮಗಳು ಕಣ್ಣೊರೆಸಿಕೊಂಡಳು.

“ನಿಂದೇ. ಒಂದು ದಿನ ಬಿಟ್ಟು ಹುಟ್ಟಬಹುದಿತ್ತು,” ಎಂದು ಡಾಕ್ಟರಮ್ಮ ಅವಳ ತಲೆ ಸವರಿದರು.

ಅವಳು ಗಂಡನ ಕಿವಿಯ ಹತ್ತಿರ ಬಗ್ಗಿದಳು.

“ಕೇಳಿಸ್ತಲ್ಲ? ಇನ್ನು ನೆಮ್ಮದಿಯಾಗಿ ಹೋಗಿ ಬನ್ನಿ.”

ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.

ಎಲ್ಲ ಮುಗಿಸಿ ಮನೆಗೆ ಬಂದಾಗ ಸಂಜೆಯಾಗಿತ್ತು. ಮಗಳು ಅಪ್ಪನ ಕೋಣೆಯ ಸ್ವಿಚ್ಚಿಗೆ ಕೈ ಹಾಕಿದಳು.

“ದೀಪ ಹಾಕ್ಲಾ ಅಮ್ಮ?”

“ಎಷ್ಟು ಗಂಟೆ?”

“ಆರು.”

“ಬೇಡ ಬಿಡು.”

ಅವಳು ಕಿಟಕಿಯ ಪರದೆ ಎಳೆದಳು. ಕ್ಯಾಲೆಂಡರನ್ನೂ ದಾರಕ್ಕೆ ಕಟ್ಟಿದ್ದ ಪೆನ್ಸಿಲನ್ನೂ ಮೊಳೆಯಿಂದ ಬಿಡಿಸಿ ಹೊರಗೆ ತಂದಳು. ಬಾಗಿಲು ಮುಚ್ಚಿ, ಮರಳಿನ ಸುರುಳಿಯನ್ನು ಪಾದದಿಂದ ಸಂದಿಗೆ ಒತ್ತಿದಳು. ಆಮೇಲೆ ನಡುಮನೆಯ ಬೆಳಕಿನಲ್ಲಿ ಕುಳಿತು, ಆಸ್ಪತ್ರೆಯ ದಿನಗಳ ಖಾಲಿ ಚೌಕಗಳನ್ನು ಖಾಲಿಯಾಗಿಯೇ ಬಿಟ್ಟು, ಈ ದಿನದ ಚೌಕದಲ್ಲಿ, ಅವನು ಹಾಕುತ್ತಿದ್ದ ಹಾಗೆಯೇ ಬಾಲ ಸ್ವಲ್ಪ ಉದ್ದ ಎಳೆದು, ಒಂದು ಗುರುತು ಹಾಕಿದಳು.